ಅಪ್ಪನಿಗೆ ಕಡಲು ತೋರಿಸಿದ ದಸರಾ ರಜೆ

ಹೋದ ವಾರ ಅರಕಲಗೂಡಿನ ಸಂತೆಯಲ್ಲಿ ಸೊಪ್ಪು ಕೊಳ್ಳಲು ಹೋದವನು ಒಣಮೀನಿನ ಸಾಲಿನ ಮುಂದೆ ಸುಮ್ಮನೆ ನಿಂತುಬಿಟ್ಟೆ. ಗೋಣಿತಾಟಿನ ಮೇಲೆ ಮೀನು ಹರಡಿಕೊಂಡು ಕೂತಿದ್ದ ಹೆಂಗಸು ನೊಣ ಓಡಿಸುತ್ತಾ, "ತಕಳಿ ಸಾ, ಮಂಗ್ಳೂರ್ ಕಡೆ ಮಾಲು, ಒಳ್ಳೆ ಗಮಲದೆ" ಅಂದಳು. ಗಮಲಿನ ವಿಷಯದಲ್ಲಿ ಅವಳು ಸುಳ್ಳು ಹೇಳಿರಲಿಲ್ಲ. ನನ್ನ ಜೊತೆ ಬಂದಿದ್ದ ನಮ್ಮ ಶಾಲೆಯ ಕನ್ನಡ ಮೇಷ್ಟ್ರು ಮೂಗಿಗೆ ಕರವಸ್ತ್ರ ಹಿಡಿದು ಮುಂದೆ ಹೋದರು. ನನಗೆ ಮಾತ್ರ ಆ ವಾಸನೆಗೆ ಬಾಯಲ್ಲೂ ಕಣ್ಣಲ್ಲೂ ಒಟ್ಟಿಗೇ ನೀರು ಬಂತು. ಒಂದು ಪೊಟ್ಟಣ ಕಟ್ಟಿಸಿಕೊಂಡು ಹೊಳೆನರಸೀಪುರದ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಅಷ್ಟು ಜನ ನಿಂತಿದ್ದರೂ ನನ್ನ ಪಕ್ಕದ ಸೀಟು ಊರು ಸೇರುವವರೆಗೂ ಖಾಲಿಯೇ ಇತ್ತು. ಆರಾಮಾಗಿ ಕಾಲು ಚಾಚಿಕೊಂಡು, ಮಂಗಳೂರಿನಲ್ಲಿ ಕಳೆದ ಆ ಒಂದು ದಸರಾ ರಜೆಯನ್ನು ಮೊದಲಿಂದ ನೆನೆಸಿಕೊಂಡೆ.

ನಮ್ಮೂರು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು. ಅಪ್ಪ ಅಲ್ಲಿ ತೆಂಗು, ರಾಗಿ ಬೆಳೆದುಕೊಂಡು ಇದ್ದವನು. ಆದರೆ ಸುತ್ತಲ ಹಳ್ಳಿಗಳಲ್ಲಿ ಅವನ ಹೆಸರು ಬೇಸಾಯದಿಂದ ಬಂದದ್ದಲ್ಲ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಸಂಬಂಧದ ಬೋರಣ್ಣ ಎಂದು. ಯಾರ ಮನೆಯವರು ಹೆಣ್ಣು ನೋಡಲು ಹೊರಟರೂ, ಗಂಡಿನ ಮನೆ ನೋಡಲು ಹೊರಟರೂ ಅಪ್ಪ ಜೊತೆಗಿರಬೇಕು. ಅವನು ಹೆಚ್ಚು ಮಾತಾಡುವವನಲ್ಲ. ಹೋದ ಮನೆಯ ಹಿತ್ತಿಲಿಗೊಂದು ಸುತ್ತು ಹಾಕಿ, ದನ ಹೇಗಿವೆ ನೋಡಿ, ಒಂದೆರಡು ಪ್ರಶ್ನೆ ಕೇಳಿ ಸುಮ್ಮನೆ ಕೂರುತ್ತಿದ್ದ. ಕೊನೆಗೆ ಅವನು "ಆಗ್ಬೋದು" ಅಂದರೆ ಆಯಿತು.

ಈ ಕೆಲಸದಲ್ಲಿ ನಮ್ಮ ಕಡೆಯ ಒಂದು ಕಟ್ಟನ್ನು ಅಪ್ಪ ಬಲು ಬಿಗಿಯಾಗಿ ಹಿಡಿದುಕೊಂಡಿದ್ದ. ಸಂಬಂಧ ನೋಡಲು ಹೋದ ಮನೆಯಲ್ಲಿ ಮಾತು ಮುಗಿಯುವವರೆಗೆ ಊಟ ಮಾಡುವಂತಿಲ್ಲ. ಕಾಫಿ, ಉಪ್ಪಿಟ್ಟು, ಕೇಸರಿಬಾತು, ಏನು ಕೊಟ್ಟರೂ ತಿನ್ನಬಹುದು, ಅದು ತಿಂಡಿ. ಊಟಕ್ಕೆ ಕೂತರೆ ಮಾತ್ರ ಒಪ್ಪಿದ ಹಾಗೆ. ಉಂಡು ಕೈ ತೊಳೆದವನು 'ಯೋಚನೆ ಮಾಡಿ ಹೇಳ್ತೀವಿ' ಎನ್ನುವ ಹಾಗಿಲ್ಲ. ಒಂದು ಸಲ ನುಗ್ಗೇಹಳ್ಳಿಯ ಹತ್ತಿರ ಒಂದು ಮನೆಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರವರೆಗೂ ಮಾತು ಎಳೆದಾಡಿತಂತೆ. ಒಳಗೆ ಕೋಳಿ ಸಾರು ಕುದಿಯುತ್ತಿದೆ, ಹೊರಗೆ ಗಂಡಿನ ಕಡೆಯವರ ಹೊಟ್ಟೆ ಕುದಿಯುತ್ತಿದೆ. ಮಾತು ಕೂಡಿಬರಲಿಲ್ಲ. ಅಪ್ಪ ಅಷ್ಟೂ ಜನರನ್ನು ಎಬ್ಬಿಸಿಕೊಂಡು ಬಂದು ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ತಿನ್ನಿಸಿದ. "ಒಟ್ಟೆ ಕೇಳ್ತದೆ ಅಂತ ಮಾತು ಕೊಡಕ್ಕಾಯ್ತದಾ?" ಎಂದು ಆ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಿದ್ದ. ಜೊತೆಗೆ ಹೋಗಿದ್ದವರು ಮಾತ್ರ ಆ ಕೋಳಿಯನ್ನು ಕೊನೆಯವರೆಗೂ ಮರೆಯಲಿಲ್ಲ.

ಇಂಥ ಅಪ್ಪನ ಸ್ವಂತ ಮಗಳ ವಿಷಯದಲ್ಲಿ ಲೆಕ್ಕವೆಲ್ಲ ತಪ್ಪಿತು. ನನ್ನ ತಂಗಿ ಭಾಗ್ಯಳನ್ನು ಅಪ್ಪನೇ ಹತ್ತು ಕಡೆ ವಿಚಾರಿಸಿ, ಹಿತ್ತಿಲು ನೋಡಿ, ದನ ನೋಡಿ ಒಳ್ಳೆಯ ಮನೆಗೇ ಕೊಟ್ಟಿದ್ದ. ಮದುವೆಯಾದ ಎರಡನೇ ವರ್ಷ ಅವಳ ಗಂಡ ಹಾಸನದಿಂದ ಬೈಕಿನಲ್ಲಿ ಬರುವಾಗ ಲಾರಿಗೆ ಸಿಕ್ಕಿ ತೀರಿಕೊಂಡ. ಭಾಗ್ಯ ಬಾಗೂರಿಗೆ ವಾಪಸು ಬಂದಳು. ಒಂದು ವರ್ಷ ಅವಳ ದನಿಯನ್ನೇ ನಾವು ಸರಿಯಾಗಿ ಕೇಳಲಿಲ್ಲ. ಆಮೇಲೆ ಒಂದು ದಿನ ತಾನೇ ಎದ್ದು, ಹಾಸನಕ್ಕೆ ಓಡಾಡಿಕೊಂಡು ಲ್ಯಾಬ್ ಕೆಲಸದ ಕೋರ್ಸ್ ಮುಗಿಸಿ, ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ಮೂರು ವರ್ಷವಾದ ಮೇಲೆ ಒಂದು ಸಂಜೆ ನನಗೆ ಫೋನು ಮಾಡಿ, ದಿನೇಶ್ ಎಂಬುವವನ ವಿಷಯ ಹೇಳಿದಳು. ಬಂದರಿನಲ್ಲಿ ಮೀನುಗಾರಿಕೆಯ ಬೋಟುಗಳ ಎಂಜಿನ್ ರಿಪೇರಿ ಮಾಡುವವನು. ಅಪ್ಪನಿಲ್ಲದ ಮನೆಯಲ್ಲಿ ಇಬ್ಬರು ತಂಗಿಯರ ಮದುವೆ ಮಾಡಿ ಮುಗಿಸುವಷ್ಟರಲ್ಲಿ ಮೂವತ್ತೆಂಟಾಗಿತ್ತಂತೆ. ತಾಯಿಗೆ ರಕ್ತ ಪರೀಕ್ಷೆ ಮಾಡಿಸಲು ಬಂದಾಗ ಪರಿಚಯ.

"ಅಣ್ಣ, ಅಪ್ಪ ಬಂದು ಧಾರೆ ಎರೀಬೇಕು" ಅಂದಳು ಭಾಗ್ಯ. "ಯಾರಿಗೂ ಹೇಳ್ದೆ ರಿಜಿಸ್ಟರ್ ಆಫೀಸಿಗೆ ಓಗಿ ಸೈನ್ ಮಾಡೋದು ನಂಗ್ ಬ್ಯಾಡ. ನಾನೇನು ಕಳ್ತನ ಮಾಡ್ತಿಲ್ಲ. ಅಪ್ಪ ಒಪ್ನಿಲ್ಲ ಅಂದ್ರೆ ಇಲ್ಲ, ಅಷ್ಟೇ. ಅವ್ರಿಗೂ ಅಂಗೇ ಏಳಿವ್ನಿ."

ನಾನು ಊರಿಗೆ ಹೋದಾಗ ಅಪ್ಪ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ. ವಿಷಯ ಹೇಳಿದೆ. ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿ, ಜುಟ್ಟು ಬಿಡಿಸಿ, ರಾಶಿಗೆ ಎಸೆದು ಆಮೇಲೆ ಬಾಯಿ ಬಿಟ್ಟ. "ಜಾತಿ ಬ್ಯಾರೆ, ಬಾಸೆ ಬ್ಯಾರೆ. ಊರವ್ರು ಏನಂದ್ಕೊಂಡಾರು ಅಂತ ನಾನು ಯೋಚ್ನೆ ಮಾಡಾಕಿಲ್ಲ ಅಂದ್ರೆ ಸುಳ್ಳಾಯ್ತದೆ. ಅದೆಲ್ಲ ಒತ್ತಟ್ಟಿಗಿರ್ಲಿ ಸೀನ. ನೀರಿನ ಮ್ಯಾಲೆ ಬದ್ಕೋ ಗಂಡ್ಸು ಕಣ್ಲಾ ಅವ್ನು. ಒಂದ್ಸಲ ಅವಳು ಅಂಗೆ ಬಂದು ಈ ಜಗಲಿ ಮ್ಯಾಲೆ ಕುಂತಿದ್ ನೋಡಿವ್ನಿ. ಇನ್ನೊಂದ್ಸಲ ನೋಡಕ್ಕೆ ನನ್ ಕೈಲಾಗಾಕಿಲ್ಲ."

ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದ ಬಾಯಿ ನನ್ನದು, ಅಪ್ಪನ ಮುಂದೆ ಮಾತ್ರ ಬೀಗ. ಮಾತಾಡಿದ್ದು ಅವ್ವ, ಒಳಗಿನಿಂದ. "ಸಂಬಂಧದ್ ಮಾತು ಬುಡು. ಮಗಳು ಓಗಿ ಮೂರು ವರ್ಸಾಯ್ತು, ಎಂಗವ್ಳೆ ಅಂತ ಒಂದ್ಸಲನಾದ್ರೂ ಓಗಿ ನೋಡ್ದಾ? ನಾನ್ ಓಗಣಾ ಅಂದ್ರೆ ಅಸ ಕರ ಆಕೋ ಅಂಗದೆ. ನೀನಾರಾ ಓಗಿ ಬಾ. ಅಂಗೇ ಸಮುದ್ರನೂ ನೋಡ್ಕಂಡ್ ಬಾ, ನಮ್ ವಂಸ್ದಲ್ಲಿ ಯಾರೂ ನೋಡಿಲ್ಲ."

ಅಪ್ಪ ಮಚ್ಚನ್ನು ಗೋಡೆಗೆ ಒರಗಿಸಿ ಎದ್ದ. "ಸಮುದ್ರ ನೋಡಕ್ಕೆ ಬತ್ತೀನಿ. ಸಂಬಂಧ ನೋಡಕ್ಕಲ್ಲ. ಅವಳಿಗೆ ಅಂಗೇ ಏಳ್ಬುಡು" ಅಂದ. ನನಗೆ ಅಷ್ಟೇ ಸಾಕಿತ್ತು. ದಸರಾ ರಜೆ ಬಂದ ತಕ್ಷಣ ಇಬ್ಬರೂ ಹೊರಟೆವು.

ಹಾಸನದಲ್ಲಿ ಹಗಲು ರೈಲು ಹತ್ತಿದೆವು. ಸಕಲೇಶಪುರ ದಾಟಿ ಘಟ್ಟ ಇಳಿಯುವಾಗ ಮಳೆಗಾಲದ ನೀರು ಇನ್ನೂ ಬಂಡೆಗಳಿಂದ ಸುರಿಯುತ್ತಿತ್ತು. ಸುರಂಗ ಬಂದಾಗಲೆಲ್ಲ ಬೋಗಿಯಲ್ಲಿದ್ದ ಮಕ್ಕಳು ಕೂಗುತ್ತಿದ್ದವು. ನಾಲ್ಕನೆಯದೋ ಐದನೆಯದೋ ಸುರಂಗದಲ್ಲಿ ಆ ಕೂಗಿನ ಜೊತೆ ನನ್ನ ಪಕ್ಕದಿಂದಲೂ ಒಂದು "ಹೋ" ಕೇಳಿಸಿತು. ಬೆಳಕಿಗೆ ಬಂದು ನೋಡಿದರೆ ಅಪ್ಪ ಗಂಭೀರವಾಗಿ ಕಿಟಕಿಯ ಹೊರಗೆ ನೋಡುತ್ತಿದ್ದ. ಕೆಳಗಿಳಿಯುತ್ತಾ ಬೆವರು ಶುರುವಾಯಿತು. ಟವೆಲ್ಲಿನಲ್ಲಿ ಕತ್ತು ಒರೆಸಿಕೊಂಡು, "ಇದೇನ್ಲಾ, ಬಿಸ್ನೀರ್ ಕಾಸಿದ ಬಚ್ಚಲ್ ಮನೆಗೆ ಬಂದಂಗದೆ" ಅಂದ.

ಸ್ಟೇಷನ್ನಿಗೆ ಭಾಗ್ಯ ಬಂದಿದ್ದಳು. ಬಾಗೂರಿನಲ್ಲಿದ್ದಾಗಿನದಕ್ಕಿಂತ ಮೈ ಕೈ ತುಂಬಿಕೊಂಡು ಚೆನ್ನಾಗಿಯೇ ಇದ್ದಳು. ಆದರೂ ಅಪ್ಪ, "ಸೊರ್ಗೋಗಿದ್ದೀಯಲ್ಲವ್ವ" ಅಂದ. ಅಪ್ಪಂದಿರ ಕಣ್ಣಿಗೆ ತೂಕದ ಬಟ್ಟು ಬೇರೆಯೇ ಇರುತ್ತದೆ. ಅವಳು ಕಂಕನಾಡಿಯ ಕಡೆ ಒಂದು ಮಹಡಿ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಬೆಳಗಿನ ಕಾಫಿ ತಿಂಡಿ, ಸಂಜೆಯ ಗಂಜಿ ಕೋಣೆಯಲ್ಲಿ, ಮಿಕ್ಕದ್ದೆಲ್ಲ ಹೊರಗೆ ಎಂದು ಮೊದಲೇ ತೀರ್ಮಾನವಾಯಿತು. ದಿನೇಶನ ಹೆಸರನ್ನು ಯಾರೂ ಎತ್ತಲಿಲ್ಲ. ನಾನಂತೂ ಆ ನಾಲ್ಕು ದಿನ ಯಾವ ಊಟವನ್ನೂ ಬಿಡಬಾರದು ಎಂದು ಪಣ ತೊಟ್ಟವನಂತೆ ಇದ್ದೆ. ತಿನ್ನುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಮಾರನೆಯ ಮಧ್ಯಾಹ್ನ ಮೊದಲ ಮೀನೂಟ. ತಟ್ಟೆಗೆ ಬಿದ್ದ ಕೆಂಪು ಕುಚ್ಚಲಕ್ಕಿ ಅನ್ನವನ್ನು ಅಪ್ಪ ಎರಡು ಬೆರಳಲ್ಲಿ ಒತ್ತಿ ನೋಡಿ, ಬಡಿಸುವವನನ್ನು ಕರೆದ. "ಏನಪ್ಪಾ, ಅನ್ನ ಬೆಂದಿಲ್ಲ."

"ಇಲ್ಲ ಅಜ್ಜಾ, ಅದು ಹಾಗೇ ಇರುದು. ಒಮ್ಮೆ ತಿಂದು ನೋಡಿ" ಎಂದು ಅವನು ನಗುತ್ತಾ ಬಂಗುಡೆ ಸಾರು ಹಾಕಿ ಹೋದ. ಅಪ್ಪ ಹುಟ್ಟಿದಾಗಿನಿಂದ ತಿಂದದ್ದು ಕೆರೆ ಮೀನು. ಬಂಗುಡೆ ಬಾಯಿಗಿಟ್ಟುಕೊಂಡು, "ಇದ್ಕೆ ಕೆಸರಿನ ವಾಸ್ನೆನೇ ಇಲ್ವಲ್ಲ" ಎಂದು ಏನೋ ಕೊರತೆಯಾದವನಂತೆ ಹೇಳಿದ. ಹೇಳುತ್ತಲೇ ಎರಡನೆಯದಕ್ಕೆ ಕೈ ತೋರಿಸಿದ. ಸಾರಿನ ಕಾಯಿಹಾಲು ನಾಲಿಗೆಗೆ ತಾಕಿದ್ದೇ ತಡ, ಮುಖ ಅರಳಿತು. "ಕಾಯಿ ನಮ್ ಕಡೇದೇ ಇರ್ಬೇಕು ಕಣ್ಲಾ. ಲಾರಿ ತುಂಬಾ ಇಲ್ಲಿಗೇ ಬತ್ತದಲ್ಲ" ಎಂದು ಅಡುಗೆಯ ಹೆಸರಿನಲ್ಲಿ ಅರ್ಧ ಪಾಲು ತನಗೂ ತೆಗೆದುಕೊಂಡ.

ಸಂಜೆ ಪಣಂಬೂರಿನಲ್ಲಿ ಕಡಲು. ಅಪ್ಪ ಮರಳ ಮೇಲೆ ಬರಿಗಾಲಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು ದೂರಕ್ಕೆ ನೋಡಿದ. ಕೊನೆಗೆ, "ಆ ಕಡೆ ದಡ ಎಲ್ಲದೆ?" ಅಂದ. ಮೇಷ್ಟ್ರಾದವನಿಗೆ ಇಂಥ ಪ್ರಶ್ನೆ ಸಿಕ್ಕರೆ ಬಿಡುತ್ತಾನೆಯೇ? ಅರಬರ ದೇಶ, ಆಫ್ರಿಕಾ ಎಂದು ಶುರು ಮಾಡಿದೆ. ಅವನು ಅಷ್ಟರಲ್ಲಿ ಬಗ್ಗಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡು ಥೂ ಎಂದು ಉಗಿದ. "ಇಷ್ಟೊಂದ್ ನೀರ್ ಮಡಿಕ್ಕಂಡು ಒಂದ್ ಗುಂಟೆಗೂ ಬಿಡಂಗಿಲ್ವಲ್ಲ. ದೇವ್ರು ಬಲೇ ಜುಗ್ಗ ಕಣವ್ವ" ಎಂದು ಭಾಗ್ಯಳಿಗೆ ಹೇಳಿದ. ದೂರದಲ್ಲಿ ಬಂದರಿನೊಳಗೆ ಬರಲು ಕಾಯುತ್ತಾ ಮೂರು ಹಡಗು ನಿಂತಿದ್ದವು. ಅದರಲ್ಲಿ ಇರುವವರು ಊಟಕ್ಕೇನು ಮಾಡುತ್ತಾರೆ, ಕಾಯಿಲೆ ಬಿದ್ದರೆ ಯಾರು ನೋಡುತ್ತಾರೆ, ಎಷ್ಟು ದಿನಕ್ಕೆ ಮನೆಗೆ ಹೋಗುತ್ತಾರೆ ಎಂದು ಒಂದೊಂದೇ ಕೇಳಿದ. ಭಾಗ್ಯ ಎಲ್ಲಕ್ಕೂ ಉತ್ತರ ಹೇಳಿದಳು. ಇಷ್ಟೆಲ್ಲ ಇವಳಿಗೆ ಯಾರು ಹೇಳಿಕೊಟ್ಟರು ಎಂಬುದು ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೂವರೂ ಬಿಸಿ ಗೋಳಿಬಜೆ ತಿಂದು ಬಾಯಿ ಸುಟ್ಟುಕೊಂಡೆವು.

ಊರಿಗೂರೇ ದಸರಾದ ಗುಂಗಿನಲ್ಲಿತ್ತು. ಬೀದಿಬೀದಿಯಲ್ಲಿ ಹುಲಿವೇಷದವರು. ಮೈಗೆಲ್ಲ ಹಳದಿ ಕಪ್ಪು ಪಟ್ಟೆ ಬಳಿದುಕೊಂಡು, ತಾಸೆಯ ಬಡಿತಕ್ಕೆ ಕುಣಿಯುತ್ತಾ ಅಂಗಡಿಯಿಂದ ಅಂಗಡಿಗೆ ಹೋಗುತ್ತಿದ್ದರು. ಒಂದು ಹುಲಿ ಅಪ್ಪನ ಮುಂದೆಯೇ ಬಂದು ಮಂಡಿಯೂರಿ ಗರ್ಜಿಸಿತು. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಗಾಳಿಯಲ್ಲಿ ಬೀಸಿ ತಾನೂ ಎರಡು ಹೆಜ್ಜೆ ಹಾಕಿಯೇ ಬಿಟ್ಟ. ಆಮೇಲೆ ಭಾಗ್ಯ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿದಳು. ಉದ್ದ ಲೋಟದೊಳಗೆ ಹಣ್ಣು, ಗೋಡಂಬಿ, ಜೆಲ್ಲಿ, ಮೂರು ಬಣ್ಣದ ಐಸ್‌ಕ್ರೀಮು. "ಎಲ್ಲಾನೂ ಒಂದ್ರಲ್ಲೇ ಆಕ್ಬುಟ್ಟವ್ರೆ, ಎಮ್ಮೆಗೆ ಕಲಗಚ್ಚು ಕೊಟ್ಟಂಗೆ" ಅಂದವನು, ಚಮಚ ತಳಕ್ಕೆ ಎಟುಕದಿದ್ದಾಗ ಲೋಟವನ್ನು ಬೋರಲು ಮಾಡಿ ಬಾಯಿಗೆ ಬಿಟ್ಟುಕೊಂಡ. ತಂಗಿ ನಕ್ಕಳು. ಅವಳು ಹಾಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ಆರು ವರ್ಷಗಳಲ್ಲಿ ನಾನು ನೋಡಿರಲಿಲ್ಲ. ಅಪ್ಪ ಅವಳ ಕಡೆಯೇ ನೋಡುತ್ತಿದ್ದ.

ಮೂರನೆಯ ದಿನ ಬೆಳಿಗ್ಗೆ ಅಪ್ಪನಿಗೆ ಏನೋ ಕಸಿವಿಸಿ. ನೀರ್ ದೋಸೆ ಆರು ತಿಂದಿದ್ದ, ಬನ್ಸ್ ಎರಡು ತಿಂದಿದ್ದ. ಆದರೂ, "ಒಟ್ಟೆ ತುಂಬ್ದಂಗೇ ಆಗಾಕಿಲ್ಲ ಕಣ್ಲಾ. ಇದೆಲ್ಲ ತಿಂಡಿ. ಮುದ್ದೆ ತಿಂದ್ರೇನೇ ಊಟ" ಅಂದ. ಬಾಗೂರಿನಲ್ಲಿ ಹೊತ್ತಿಗೆ ಎರಡು ಮುದ್ದೆ ನುಂಗುವವನಿಗೆ ಮೂರು ದಿನ ರಾಗಿಯ ಮುಖವೇ ಕಂಡಿರಲಿಲ್ಲ. ಭಾಗ್ಯ, "ಅಪ್ಪ, ಧಕ್ಕೆಗೆ ಓಗಣಾ ಬಾ, ಮೀನು ಅರಾಜು ಆಗೋದ್ ನೋಡೀವಂತೆ" ಎಂದು ಎಬ್ಬಿಸಿದಳು.

ಧಕ್ಕೆ ಎಂದರೆ ಬೋಟುಗಳು ಬಂದು ಮೀನು ಇಳಿಸುವ ಕಟ್ಟೆ. ಹೋಗಿ ನಿಂತರೆ ಕಾಲ ಕೆಳಗೆ ನೀರು, ಐಸು, ಮೀನಿನ ಪೊರೆ. ಬುಟ್ಟಿಗಳ ಸುತ್ತ ಹೆಂಗಸರು ಗಂಡಸರೆನ್ನದೆ ಕೂಗಾಟ. ಕೊಬ್ಬರಿ ಹರಾಜಿನಲ್ಲಿ ಪಳಗಿದ ಅಪ್ಪ ಭಾಷೆ ಬರದಿದ್ದರೂ ಯಾರು ಬಿಟ್ಟರು, ಯಾರು ಹಿಡಿದರು ಎಂಬುದನ್ನು ಮುಖ ನೋಡಿಯೇ ಹೇಳುತ್ತಿದ್ದ. ಅಲ್ಲಿಯೇ ಒಂದು ಬೋಟಿನ ಹೊಟ್ಟೆಯೊಳಗಿಂದ ಒಬ್ಬ ಮೇಲೆ ಬಂದ. ಮೊಣಕೈವರೆಗೆ ಕಪ್ಪು ಗ್ರೀಸು. ನಮ್ಮನ್ನು ಕಂಡು ಕೈ ಮುಗಿಯಲು ಹೋಗಿ, ಕೈ ನೋಡಿಕೊಂಡು, ತಲೆ ಬಗ್ಗಿಸಿ ಸುಮ್ಮನೆ ನಿಂತ. ದಿನೇಶ್ ಅವನೇ ಎಂದು ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ.

ಅಪ್ಪ ಅವನ ಮುಖ ನೋಡುವ ಮೊದಲು ಎಂಜಿನ್ನಿನ ಕಡೆ ಕಿವಿ ಕೊಟ್ಟ. "ಇದು ನಮ್ ಬೋರ್‌ವೆಲ್ ಮೋಟ್ರು ಕೆಡೋ ಮುಂಚೆ ಬಡ್ಕತದಲ್ಲ, ಅಂಗೇ ಬಡ್ಕತಾ ಅದೆ" ಅಂದ.

"ಹೌದು, ಬೇರಿಂಗ್ ಹೋಗಿದೆ. ನಿಮಗೆ ಕೇಳಿಯೇ ಗೊತ್ತಾಯ್ತಲ್ಲ" ಎಂದು ದಿನೇಶ್ ಕಣ್ಣರಳಿಸಿದ. ಹತ್ತು ನಿಮಿಷ ಇಬ್ಬರೂ ಮೋಟಾರಿನ ಮಾತಿನಲ್ಲಿ ಮುಳುಗಿದರು. ನಾನು ಮತ್ತು ತಂಗಿ ಐಸ್ ಗಾಡಿ ನೋಡುತ್ತಾ ನಿಂತಿದ್ದೆವು. ಇದ್ದಕ್ಕಿದ್ದಂತೆ ಅಪ್ಪ ಕೇಳಿದ. "ನೀವು ಸಮುದ್ರಕ್ಕೆ ಓಗ್ತೀರಾ?"

ದಿನೇಶ್ ಒಮ್ಮೆ ಭಾಗ್ಯಳ ಕಡೆ ನೋಡಿದ. "ಹೋಗ್ತೇನೆ. ಹೆಚ್ಚು ಕೆಲಸ ಇಲ್ಲೇ. ಆದ್ರೆ ನಡುನೀರಲ್ಲಿ ಎಂಜಿನ್ ನಿಂತ್ರೆ ಹೋಗ್ಲೇಬೇಕಾಗ್ತದೆ, ಬೋಟಲ್ಲಿ ಜನ ಇರ್ತಾರಲ್ಲ. ಹೋಗುದಿಲ್ಲ ಅಂತ ನಿಮಗೆ ಸುಳ್ಳು ಹೇಳ್ಲಿಕ್ಕೆ ಆಗುದಿಲ್ಲ."

ಭಾಗ್ಯ ಕಣ್ಣು ಮುಚ್ಚಿಕೊಂಡಳು. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಇವನಪ್ಪನ ಗಂಟೇನು ಹೋಗುತ್ತಿತ್ತು ಎಂದು ನನಗೆ ಸಿಟ್ಟೇ ಬಂತು. ಅಪ್ಪ ಮಾತ್ರ ತಲೆಯಾಡಿಸಿದ. ಅದು ಸರಿ ಎಂದೋ, ಹೀಗಾದರೆ ಆಗುವುದಿಲ್ಲ ಎಂದೋ ತಿಳಿಯಲಿಲ್ಲ. ಹೊರಡುವಾಗ ದಿನೇಶ್, "ನಾಳೆ ಬೆಳಿಗ್ಗೆ ಮನೆಗೆ ಬರ್ಬೇಕು, ಅಮ್ಮ ಹೇಳಿದ್ದಾರೆ" ಅಂದ. ಕೋಣೆಗೆ ವಾಪಸು ಬಂದ ಮೇಲೆ ಅಪ್ಪ, "ಮನೆ ತಂಕ ಬಂದು ಕರ್ದಂಗೆ ಕರ್ದವ್ರೆ. ಓಗ್ದೆ ಇದ್ರೆ ಮರ್ಯಾದೆಯಲ್ಲ. ಕಾಪಿ ತಿಂಡಿ ಆಗ್ಬೋದು. ಊಟ ಮಾತ್ರ ಆಗಾಕಿಲ್ಲ. ನಾನ್ ಬಂದಿರೋದು ಸಮುದ್ರ ನೋಡಕ್ಕೆ" ಅಂದ. ಭಾಗ್ಯ ಫೋನು ಮಾಡಿ, ನಮ್ಮ ಕಡೆಯ ಕಟ್ಟು ಹೀಗೀಗೆ, ಊಟಕ್ಕೆ ಮಾತ್ರ ಏನೂ ಮಾಡಬೇಡಿ ಎಂದು ದಿನೇಶನ ತಾಯಿಗೆ ಬಿಡಿಸಿ ಹೇಳಿದಳು. ಫೋನು ಇಟ್ಟು, "ಅಪ್ಪನ ಊಟದ್ ಮ್ಯಾಲೆ ನನ್ ಬದುಕು ನಿಂತದೆ ನೋಡಣ್ಣ" ಎಂದು ನಗಲು ನೋಡಿದಳು, ಆಗಲಿಲ್ಲ.

ಅವರ ಮನೆ ಬೆಂಗ್ರೆಯಲ್ಲಿ. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ನಡುವೆ ಉದ್ದಕ್ಕೆ ಮಲಗಿದ ಮರಳಿನ ಪಟ್ಟಿ. ಬಂದರಿನಿಂದ ದೋಣಿಯಲ್ಲಿ ದಾಟಬೇಕು. ಅಪ್ಪ ದೋಣಿಯ ಮಧ್ಯದಲ್ಲಿ ಕೂತು ಎರಡೂ ಕೈಯಲ್ಲಿ ಹಲಗೆ ಹಿಡಿದುಕೊಂಡ. ಪೇಟೆಗೆ ಹೋಗಿ ಬರುವ ಹುಡುಗಿಯರು, ಮೀನು ಮಾರಿ ಬರುವ ಹೆಂಗಸರು ಹಿಡಿಯದೆ ನಿಂತೇ ಹರಟುತ್ತಿದ್ದದ್ದನ್ನು ನೋಡಿ ನಿಧಾನಕ್ಕೆ ಒಂದು ಕೈ ಬಿಟ್ಟ. ಇನ್ನೊಂದನ್ನು ದಡ ಮುಟ್ಟುವವರೆಗೂ ಬಿಡಲಿಲ್ಲ.

ಹೆಂಚಿನ ಮನೆ. ಅಂಗಳದ ಚಪ್ಪರದ ಮೇಲೆ ಬಸಳೆ ಬಳ್ಳಿ. ಅಪ್ಪ ಅಭ್ಯಾಸದಂತೆ ಹಿತ್ತಿಲಿಗೊಂದು ಸುತ್ತು ಹಾಕಲು ಹೋದ. ದನವಿರಲಿಲ್ಲ, ಒಣಗಲು ಹಾಕಿದ ಬಲೆ ಇತ್ತು. ಬಲೆಯ ಹರಿದ ಕಡೆ ಹಾಕಿದ್ದ ಗಂಟುಗಳನ್ನು ಬೆರಳಲ್ಲಿ ಎಳೆದು ನೋಡಿ ವಾಪಸು ಬಂದ. ದಿನೇಶನ ತಾಯಿ ಗಿರಿಜಕ್ಕ, ಸಣ್ಣಗೆ ಎತ್ತರಕ್ಕೆ ಇದ್ದ ಹೆಂಗಸು, "ಬನ್ನಿ ಬನ್ನಿ, ಕೂತ್ಕೊಳ್ಳಿ. ನನಗೆ ಕನ್ನಡ ಅಷ್ಟಕ್ಕಷ್ಟೆ, ತಪ್ಪಿದ್ರೆ ನಗ್ಬೇಡಿ" ಎಂದು ಚಾಪೆ ಹಾಸಿದಳು. ಅಪ್ಪ, ನಾನು ಕೂತೆವು. ದಿನೇಶ್ ಬಾಗಿಲ ಬಳಿ ನಿಂತ. ಭಾಗ್ಯ ಬಡಿಸಲು ಒಳಗೆ ಹೋದಳು.

ತಟ್ಟೆ ಬಂತು. ಅದರಲ್ಲಿ ದುಂಡಗೆ, ಬೆಳ್ಳಗೆ, ಹಬೆಯಾಡುತ್ತಿದ್ದ ಮೂರು ಉಂಡೆ. ಪಕ್ಕದಲ್ಲಿ ಬಸಳೆ ಸೊಪ್ಪಿನ ಸಾರು. ತರಿ ಅಕ್ಕಿಯನ್ನು ಕಾಯಿತುರಿಯ ಜೊತೆ ಬೇಯಿಸಿ, ಉಂಡೆ ಕಟ್ಟಿ ಹಬೆಯಲ್ಲಿಟ್ಟು ತೆಗೆಯುವ ಪುಂಡಿ ಅದು. ಅಲ್ಲಿ ಬೆಳಗಿನ ತಿಂಡಿ. ಗಿರಿಜಕ್ಕನದೇನೂ ತಪ್ಪಿಲ್ಲ, ತಿಂಡಿ ಎಂದು ಹೇಳಿದ್ದಕ್ಕೆ ತಿಂಡಿಯನ್ನೇ ಮಾಡಿದ್ದಳು. ಆದರೆ ನಾಲ್ಕು ದಿನದಿಂದ ಮುದ್ದೆ ಕಾಣದ ಬಾಗೂರಿನ ಕೈಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ದುಂಡಗಿನ ಉಂಡೆ, ಸೊಪ್ಪಿನ ಸಾರು. ಅಪ್ಪನ ಬೆರಳು ತಾನೇ ಹೋಗಿ ತುತ್ತು ಮುರಿಯಿತು, ಸಾರಿನಲ್ಲಿ ಹೊರಳಿಸಿತು, ಬಾಯಿಗೆ ಹಾಕಿತು. ಅಗಿಯುವ ಮಾತೇ ಇಲ್ಲ, ನುಂಗಿದ.

ರಾಗಿ ಮುದ್ದೆ ಗಂಟಲಲ್ಲಿ ಜಾರಿದಂತೆ ತರಿ ಅಕ್ಕಿ ಜಾರುವುದಿಲ್ಲ. ಅಪ್ಪನ ಕಣ್ಣು ದೊಡ್ಡವಾದವು, ಮುಖ ಕೆಂಪೇರಿತು. ಗಿರಿಜಕ್ಕ ಓಡಿ ಬಂದು ಬೆನ್ನ ಮೇಲೆ ನಾಲ್ಕು ಗುದ್ದಿ ನೀರಿನ ಚೊಂಬು ಕೊಟ್ಟಳು. "ಅಯ್ಯೋ, ಅಗೀಬೇಕು ಮಾರಾಯ್ರೆ, ಅಗೀಬೇಕು! ಇದೆಂಥ ತಿನ್ನುದು!"

ನೀರು ಕುಡಿದು, ಕಣ್ಣೊರೆಸಿಕೊಂಡು ಅಪ್ಪ ತಟ್ಟೆಯನ್ನು ನೋಡಿದ. ಆಗ ಅವನಿಗೆ ತಾನು ಮಾಡಿದ್ದೇನು ಎಂದು ಹೊಳೆಯಿತು. ಮುರಿದ ಉಂಡೆ, ಅರ್ಧ ಖಾಲಿಯಾದ ಸಾರು, ಎಂಜಲಾದ ಕೈ. ಕೈ ಹಾಗೇ ತಟ್ಟೆಯ ಮೇಲೆ ನಿಂತಿತು. ಒಳಬಾಗಿಲಲ್ಲಿ ಸೌಟು ಹಿಡಿದಿದ್ದ ಭಾಗ್ಯಳ ಮುಖದಲ್ಲಿ ರಕ್ತವಿರಲಿಲ್ಲ. ಇಂಥ ಹೊತ್ತಿನಲ್ಲಿ ಸುಮ್ಮನಿರಬೇಕು ಎಂಬ ಬುದ್ಧಿ ನನಗಿಲ್ಲ. "ಅಪ್ಪ, ಇದು ತಿಂಡಿನೇ ಕಣಪ್ಪ. ಇಲ್ಲಿ ಇದನ್ನ ತಿಂಡಿ ಅಂತಾನೇ ತಿನ್ನೋದು. ಇದ್ರಿಂದೇನೂ ಆಗಲ್ಲ" ಎಂದುಬಿಟ್ಟೆ. ಭಾಗ್ಯ ನನ್ನನ್ನು ನೋಡಿದ ನೋಟಕ್ಕೆ ನಾನು ಅಲ್ಲೇ ಸುಟ್ಟು ಬೂದಿಯಾಗಬೇಕಿತ್ತು.

ಗಿರಿಜಕ್ಕ ಚೊಂಬನ್ನು ಕೆಳಗಿಟ್ಟು ಅಪ್ಪನ ಎದುರೇ ಕೂತಳು. "ನಿಮ್ಮ ಮಗ ಹೇಳಿದ್ದು ಸತ್ಯ. ಇದು ನಮಗೆ ತಿಂಡಿ. ನಿಮ್ಮ ಕಡೆಯ ಕ್ರಮ ಭಾಗ್ಯ ಹೇಳಿದ್ದಾಳೆ. ಇದನ್ನು ತಿಂದ್ರಿ ಅಂತ ನೀವು ಒಪ್ಪಿದ ಹಾಗೆ ನಾವು ತಿಳ್ಕೊಳ್ಳುದಿಲ್ಲ. ಹೆದ್ರಿ ಯಾರೂ ಹೆಣ್ಣು ಕೊಡ್ಬಾರ್ದು. ನೀವು ಹಾಯಾಗಿ ತಿನ್ನಿ" ಅಂದಳು.

ಅಪ್ಪ ಅವಳನ್ನೇ ನೋಡಿದ. ಎಷ್ಟೋ ಮನೆಗಳಲ್ಲಿ ಎಷ್ಟೋ ಜನ ಅವನ ಬಾಯಿಂದ ಒಪ್ಪಿಗೆ ಕೀಳಲು ಏನೇನೋ ಮಾಡಿದ್ದರು. ಬೇಡವೆಂದರೆ ಎದ್ದು ಹೋಗಿ ಎಂದು ದಾರಿ ಬಿಟ್ಟುಕೊಟ್ಟವಳು ಇವಳೊಬ್ಬಳೇ ಇರಬೇಕು. ಆಮೇಲೆ ಮುರಿದ ಉಂಡೆಯನ್ನು ಎತ್ತಿಕೊಂಡು, ಸಾರಿನಲ್ಲಿ ಅದ್ದಿ, ಈ ಸಲ ನಿಧಾನವಾಗಿ ಅಗಿದು ತಿಂದ. ಎರಡನೆಯದನ್ನೂ ತಿಂದ, ಮೂರನೆಯದನ್ನೂ ತಿಂದ. ತಟ್ಟೆಯನ್ನು ಮುಂದಕ್ಕೆ ಸರಿಸಿ, "ಇನ್ನೊಂದ್ ಮುದ್ದೆ ಇಕ್ರವ್ವ" ಅಂದ.

"ಇದು ಪುಂಡಿ..." ಎಂದು ಗಿರಿಜಕ್ಕ ತಿದ್ದಲು ಹೋದಳು.

"ಗೊತ್ತು ಕಣಮ್ಮ. ನಿಮಗದು ತಿಂಡಿ. ಉಂಡೋನು ನಾನಲ್ವಾ? ನಾನು ಉಂಡಿರೋದು ಊಟ" ಅಂದ ಅಪ್ಪ. "ಸಮುದ್ರದ್ ಬಯ ನಂಗೋಗಿಲ್ಲ. ಅದು ಓಗಾದೂ ಇಲ್ಲ. ಆದ್ರೆ ರಸ್ತೆ ಮ್ಯಾಲ್ ಓದೋನೂ ಬರ್ನಿಲ್ವಲ್ಲ ಕಣಮ್ಮ, ಅವತ್ತು ನಾನ್ ಎಲ್ಲಾ ನೋಡಿ ವಿಚಾರ್ಸೇ ಕೊಟ್ಟಿದ್ದೆ. ಇವಳ ರೂಮಲ್ಲಿರೋದು ಒಂದೇ ತಟ್ಟೆ, ಒಂದೇ ಲೋಟ. ನಾವ್ ಬಂದ್ ದಿವ್ಸ ಪಕ್ಕದ್ ಮನೆಯಿಂದ ಎರಡೆರಡು ಇಸ್ಕಬಂದ್ಲು. ಮೂರ್ ವರ್ಸ ನನ್ ಮಗ್ಳು ಗೋಡೆ ನೋಡ್ಕಂಡು ಒಬ್ಳೇ ಉಂಡವ್ಳೆ. ಅವಳ ಎದ್ರುಗೆ ಕುಂತು ಉಣ್ಣೋ ಜನ ಸಿಕ್ರೆ ನಂಗಷ್ಟೇ ಸಾಕು."

ಆ ಕೋಣೆಯಲ್ಲಿ ಮೂರು ದಿನ ನಾನೂ ಕಾಫಿ ಕುಡಿದಿದ್ದೆ, ತಿಂಡಿ ತಿಂದಿದ್ದೆ. ನೀರ್ ದೋಸೆ ಎಷ್ಟು ತೆಳ್ಳಗಿತ್ತು, ಚಟ್ನಿಗೆ ಏನು ಹಾಕಿದ್ದರು ಎಂದು ಈಗಲೂ ಹೇಳಬಲ್ಲೆ. ತಟ್ಟೆ ಯಾರದೆಂದು ನಾನು ನೋಡಿರಲಿಲ್ಲ.

ಭಾಗ್ಯ ಸೌಟು ಹಿಡಿದುಕೊಂಡೇ ಬಂದು ಅಪ್ಪನ ಪಕ್ಕದಲ್ಲಿ ಕುಸಿದು ಕೂತು, ಅವನ ಹೆಗಲ ಮೇಲಿನ ಟವೆಲ್ಲಿಗೆ ಮುಖ ಒತ್ತಿಕೊಂಡು ಅತ್ತಳು. ಗಿರಿಜಕ್ಕ ಕಣ್ಣೊರೆಸಿಕೊಳ್ಳುತ್ತಾ ಒಳಗೆ ಹೋಗಿ ಪುಂಡಿಯ ಪಾತ್ರೆಯನ್ನೇ ಎತ್ತಿಕೊಂಡು ಬಂದಳು. ಅಪ್ಪ ಎಂಜಲು ಕೈಯನ್ನು ದೂರ ಹಿಡಿದು, ಎಡಗೈಯಲ್ಲಿ ಮಗಳ ತಲೆ ಸವರಿದ. ಆಮೇಲೆ ಬಾಗಿಲ ಬಳಿ ಅದುವರೆಗೂ ಕಂಬದ ಹಾಗೆ ನಿಂತಿದ್ದ ದಿನೇಶನನ್ನು ನೋಡಿದ.

"ಅದ್ಯಾಕಂಗೆ ನಿಂತ್ಬುಟ್ರಿ? ಬನ್ನಿ ಅಳಿಯಂದ್ರೆ, ಕುಂತ್ಕಳಿ. ಆರೋಯ್ತದೆ, ಉಣ್ಣಾನ."